ಪಿಯಾನೊದಲ್ಲಿ ಮುರಿದ ಟ್ಯೂನಿಂಗ್ ಪಿನ್: ತೂತು ಕೆಡದಂತೆ ತೆಗೆಯುವುದು ಹೇಗೆ

ಪಿಯಾನೊ ಶ್ರುತಿ ಮಾಡುವ ಹಿಡಿಕೆಯಾದ ಟ್ಯೂನಿಂಗ್ ಲಿವರ್ ನಿಧಾನವಾಗಿ ತಿರುವುತ್ತಿರುವಾಗ ‘ಟಪ್’ ಎಂದು ಸದ್ದಾಗುತ್ತದೆ. ಅಲ್ಲಿಯತನಕ ಕೈಗೆ ಎದುರು ಕೊಡುತ್ತಿದ್ದ ಬಿಗಿ ಒಮ್ಮೆಲೇ ಮಾಯ. ಲಿವರಿನ ಬಾಯಲ್ಲಿ, ತಂತಿ ಸುತ್ತಿಕೊಂಡಿರುವ ಟ್ಯೂನಿಂಗ್ ಪಿನ್ನಿನ ಚೌಕ ತಲೆ ಸಿಕ್ಕಿಕೊಂಡಿರುತ್ತದೆ, ಅದರ ಕಾಲು ಮರದೊಳಗೇ ಉಳಿದಿರುತ್ತದೆ. ಪಿಯಾನೊದಲ್ಲಿ ತಂತಿ ಹರಿಯುವುದು ಆಗಾಗ ನಡೆಯುವಂಥದ್ದು, ಅದಕ್ಕೆ ಮದ್ದೂ ಸುಲಭ. ಪಿನ್ ಮುರಿಯುವುದು ಅಪರೂಪ. ಆದರೆ ಮುರಿದ ಮೇಲೆ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡುತ್ತೇವೋ ಅದರ ಮೇಲೆ ಆ ಸ್ವರದ ಮುಂದಿನ ಆಯುಷ್ಯ ನಿಂತಿರುತ್ತದೆ.

ಬೆಳಗಾವಿಯ ಕ್ಯಾಂಪ್ ಭಾಗದ ಹಳೆಯ ಬಂಗಲೆ, ಚರ್ಚು, ಕಾನ್ವೆಂಟ್ ಶಾಲೆಗಳಂಥ ಕಡೆ ಗೋಡೆಗೆ ಆನಿಸಿ ಇಟ್ಟ ಅಪ್‌ರೈಟ್ ಪಿಯಾನೊ ಕಂಡರೆ ಆಶ್ಚರ್ಯವಿಲ್ಲ. ಶ್ರುತಿ ಮಾಡುವವರು ಮಾತ್ರ ಓಣಿಯಲ್ಲಿ ಸಿಗುವುದಿಲ್ಲ. ಗೋವಾದಿಂದಲೋ ಪುಣೆಯಿಂದಲೋ ಕರೆಸಬೇಕು. ಪಿನ್ ಮುರಿದಾಗ ಕೈಗೆ ಹತ್ತಿರ ಇರುವವರು ಊರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇಥ್ ಕೆಲಸದವರು ಮತ್ತು ಫಿಟ್ಟರ್‌ಗಳು. ಎಂಜಿನ್ ಬ್ಲಾಕಿನಲ್ಲಿ ಮುರಿದ ಸ್ಟಡ್ (ತಲೆಯಿಲ್ಲದ ಬೋಲ್ಟ್) ತೆಗೆಯುವುದರಲ್ಲಿ ಅವರ ಕೈ ಪಳಗಿದೆ. ಆದರೆ ಆ ಕೆಲಸದಲ್ಲಿ ಮೊದಲಿಗೆ ಹೊಳೆಯುವ ಮೂರು ಉಪಾಯಗಳು, ಅಂದರೆ ಎಣ್ಣೆ ಬಿಡುವುದು, ಕಾಸುವುದು, ಈಜಿ-ಔಟ್ (ಮುರಿದ ತುಂಡಿನ ನಡುವೆ ಕೊರೆದ ತೂತಿಗೆ ಇಳಿಸಿ ಅದನ್ನು ಎಡಕ್ಕೆ ತಿರುವಿ ತೆಗೆಯುವ ಸಾಧನ) ಹೊಡೆಯುವುದು, ಪಿಯಾನೊಗೆ ಬಂದಾಗ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತವೆ. ಕಾರಣ ಸರಳ. ಸ್ಟಡ್ ಕೂತಿರುವುದು ಕಬ್ಬಿಣದಲ್ಲಿ, ಪಿನ್ ಕೂತಿರುವುದು ಮರದಲ್ಲಿ. ಕಬ್ಬಿಣದ ತೂತು ಕೆಟ್ಟರೆ ಮತ್ತೆ ಟ್ಯಾಪ್ ಹಾಕಿ ಒಳಗೆ ಎಳೆ ಕೊರೆಯಬಹುದು. ಮರದ ತೂತು ಒಮ್ಮೆ ಕೆಟ್ಟರೆ ಹಿಡಿತ ತಿರುಗಿ ಬರುವುದು ಕಷ್ಟ. ಮುರಿದ ಪಿನ್ ಹೇಗಿದ್ದರೂ ಗುಜರಿಗೆ ಹೋಗುವ ವಸ್ತು, ಕಾಪಾಡಬೇಕಾದದ್ದು ಅದು ಕೂತ ತೂತನ್ನು. ಮುಂದಿನ ಪ್ರತಿ ಹೆಜ್ಜೆಯ ಹಿಂದೆ ಇರುವುದು ಇದೊಂದೇ ಲೆಕ್ಕ.

ಪಿನ್ ಹಿಡಿದುಕೊಳ್ಳುವುದು ಹೇಗೆ, ಮುರಿಯುವುದು ಏಕೆ

ತಂಬೂರಿಯ ಬಿರಡೆ ನೋಡಿದವರಿಗೆ ಅರ್ಧ ವಿಷಯ ಆಗಲೇ ಗೊತ್ತು. ಬಿರಡೆಗೆ ಬೀಗವಿಲ್ಲ, ನಟ್ ಇಲ್ಲ. ತೂತಿನ ಗೋಡೆಗೆ ಉಜ್ಜಿಕೊಂಡು ನಿಲ್ಲುವ ಬಿಗಿಯೇ ಅದನ್ನು ಹಿಡಿದಿರುತ್ತದೆ. ಪಿಯಾನೊದ ಪಿನ್ ಕೂಡ ಹಾಗೆಯೇ, ಭಾರ ಮಾತ್ರ ಬೇರೆ. ತಂಬೂರಿಯಲ್ಲಿ ನಾಲ್ಕು ತಂತಿ. ಪಿಯಾನೊದಲ್ಲಿ 88 ಕೀಗಳಿಗೆ ಸುಮಾರು 220ರಿಂದ 240 ತಂತಿ, ಅಷ್ಟೇ ಪಿನ್. ಒಂದೊಂದು ತಂತಿಯೂ ಅಂದಾಜು 70ರಿಂದ 90 ಕಿಲೋ ಎಳೆತದಲ್ಲಿರುತ್ತದೆ. ಎಲ್ಲ ಸೇರಿದರೆ 16ರಿಂದ 20 ಟನ್. ಆ ಭಾರ ಹೊರಲೆಂದೇ ಒಳಗೆ ಬೀಡಿನ ದೊಡ್ಡ ಪ್ಲೇಟ್ ಇರುತ್ತದೆ. ಆದರೆ ಶ್ರುತಿ ನಿಲ್ಲಿಸುವುದು ಬೀಡಲ್ಲ. ಅದರ ಹಿಂದೆ ಅಡಗಿರುವ ಮರದ ದಿಮ್ಮಿ, ಅದಕ್ಕೆ ಪಿನ್ ಬ್ಲಾಕ್ ಎನ್ನುತ್ತಾರೆ. ಮೇಪಲ್ ಅಥವಾ ಬೀಚ್ ಮರದ ಪದರುಗಳನ್ನು ಮರದ ಎಳೆ (ನಾರು) ಅಡ್ಡಡ್ಡವಾಗಿ ಬರುವಂತೆ ಅಂಟಿಸಿ ಮಾಡಿದ್ದು. ಪಿನ್ ಸುತ್ತ ಎಲ್ಲ ದಿಕ್ಕಿನಿಂದಲೂ ಮರ ಒತ್ತಲಿ ಎಂಬುದು ಆ ಅಡ್ಡ ಪದರುಗಳ ಉದ್ದೇಶ.

ಪಿನ್ ಅಂದರೆ ಸುಮಾರು 60 ಮಿ.ಮೀ. ಉದ್ದದ, 7 ಮಿ.ಮೀ. ಆಸುಪಾಸು ದಪ್ಪದ ಉಕ್ಕಿನ ಕಡ್ಡಿ. ತುದಿಯಲ್ಲಿ ಮೇಲಕ್ಕೆ ಸಣ್ಣಗಾಗುತ್ತ ಹೋಗುವ ಚೌಕ ತಲೆ. ಅದರ ಕೆಳಗೆ ತಂತಿಯ ಬಾಲ ತೂರಿಸುವ ಅಡ್ಡ ತೂತು, ಅದಕ್ಕೆ ‘ಕಣ್ಣು’ ಎನ್ನೋಣ. ಕಣ್ಣಿನ ಕೆಳಗೆ ತಂತಿಯ ಮೂರು ಸುತ್ತು. ಅದರ ಕೆಳಗೆ ಮರದೊಳಗೆ ಇಳಿಯುವ ಭಾಗ, ಮೈಮೇಲೆ ಸ್ಕ್ರೂವಿನಂತೆ ಬಹಳ ಸೂಕ್ಷ್ಮವಾದ ಎಳೆ (ಥ್ರೆಡ್). ಎಳೆ ಸಾದಾ ಬೋಲ್ಟಿನಂತೆಯೇ ಬಲಸುತ್ತಿನದು, ಹಾಗಾಗಿ ಎಡಕ್ಕೆ ತಿರುವಿದರೆ ಪಿನ್ ಮೇಲೆ ಬರುತ್ತದೆ. ಆದರೆ ಎಳೆ ಅಷ್ಟು ಸಣ್ಣದಿರುವುದರಿಂದ ಪೂರ್ತಿ ಹೊರಗೆ ಬರಲು ಹತ್ತಾರು ಸುತ್ತು ಬೇಕು.

ಇಲ್ಲೊಂದು ಚಿಕ್ಕ ಲೆಕ್ಕ ಮಾಡಿದರೆ ಎಲ್ಲ ತಿಳಿಯಾಗುತ್ತದೆ. ತಂತಿ 75 ಕಿಲೋ ಎಳೆಯುತ್ತದೆ ಎಂದುಕೊಳ್ಳಿ. ಪಿನ್ನಿನ ನಡುವಿನಿಂದ ತಂತಿಯ ನಡುವಿಗೆ ಸುಮಾರು 4 ಮಿ.ಮೀ. ಅಂದರೆ ತಂತಿ ಪಿನ್ನನ್ನು ಹಿಂದಕ್ಕೆ ತಿರುವಲು ಹಾಕುವ ಬಲ ಅಂದಾಜು 3 ನ್ಯೂಟನ್ ಮೀಟರ್. ಒಳ್ಳೆಯ ಬ್ಲಾಕಿನಲ್ಲಿ ಪಿನ್ ತಿರುವಲು 9ರಿಂದ 13 ನ್ಯೂಟನ್ ಮೀಟರ್ ಬೇಕಾಗುತ್ತದೆ, ಹಾಗಾಗಿ ಬಿಗಿ ನಿಶ್ಚಿಂತೆಯಾಗಿ ನಿಲ್ಲುತ್ತದೆ. 5ಕ್ಕಿಂತ ಕೆಳಗೆ ಇಳಿದರೆ ಜೋರಾಗಿ ನುಡಿಸಿದಾಗ ಶ್ರುತಿ ಜಾರುವ ಭಯ. 20ರ ಹತ್ತಿರ ಹೋದರೆ ಅಪಾಯ ಪಿನ್ನಿಗೇ, ಏಕೆಂದರೆ ಅದರ ಮೈಯಲ್ಲಿ ಎಲ್ಲಕ್ಕಿಂತ ಬಡಕಲು ಜಾಗ ಆ ಕಣ್ಣು. ಅಡ್ಡ ತೂತು ಕೊರೆದಲ್ಲಿ ಉಕ್ಕು ಕಡಿಮೆ, ತಿರುಚುವ ಬಲವೆಲ್ಲ ತೂತಿನ ಅಂಚಿನಲ್ಲಿ ಗುಂಪುಗೂಡುತ್ತದೆ. ಮುರಿದ ಪಿನ್ನುಗಳಲ್ಲಿ ಹೆಚ್ಚಿನವು ಮುರಿಯುವುದು ಅಲ್ಲಿಯೇ.

ಮುರಿದ ತುಂಡನ್ನು ಎಸೆಯುವ ಮುನ್ನ ಅದರ ಮುಖವನ್ನು ಬೆಳಕಿಗೆ ಹಿಡಿದು ನೋಡಬೇಕು. ಹರಳುಪ್ಪಿನಂತೆ ಬೂದುಬಣ್ಣದಲ್ಲಿ ಮಿನುಗುವ ಭಾಗ ಇಂದು ಮುರಿದದ್ದು. ಅಂಚಿನಲ್ಲಿ ಬಿದಿಗೆಯ ಚಂದ್ರನ ಹಾಗೆ ಕಂದು ಕಲೆ ಇದ್ದರೆ ಅದು ಹಳೆಯ ಬಿರುಕು. ಎಷ್ಟೋ ವರ್ಷ ಹಿಂದೆಯೇ ಕೂದಲೆಳೆಯಷ್ಟು ಬಿರಿದು, ಒಳಗೆ ತೇವ ಹೊಕ್ಕು ತುಕ್ಕು ಹಿಡಿದಿರುತ್ತದೆ. ಇಂದು ಲಿವರ್ ಹಿಡಿದವರು ಕೊನೆಯ ಎಳೆತ ಕೊಟ್ಟರು, ಅಷ್ಟೇ. ಮುಖವಿಡೀ ಹೊಳೆಯುತ್ತಿದ್ದರೆ ಆ ಪಿನ್ ಅತಿ ಬಿಗಿಯಾಗಿತ್ತು ಅಥವಾ ಲಿವರನ್ನು ಜರ್ಕಿನಲ್ಲಿ ಎಳೆಯಲಾಯಿತು ಎಂದರ್ಥ. ಇದು ಕುತೂಹಲದ ಮಾತಲ್ಲ. ಕಂದು ಕಲೆ ಸಿಕ್ಕರೆ ಸುತ್ತಲಿನ ಪಿನ್ನುಗಳಿಗೂ ಅದೇ ಗತಿ ಆಗಿರಬಹುದು, ಅವನ್ನು ಮುಟ್ಟುವಾಗ ಎಚ್ಚರ ಬೇಕು.

ಬೆಳಗಾವಿಯ ಹವೆಗೂ ಇದಕ್ಕೂ ನೇರ ನಂಟಿದೆ. ಇಲ್ಲಿ ವರ್ಷಕ್ಕೆ 1,200 ಮಿ.ಮೀ.ಗೂ ಮಿಕ್ಕಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಮರ ತೇವ ಹೀರಿ ಉಬ್ಬುತ್ತದೆ. ಉಕ್ಕು ಉಬ್ಬುವುದಿಲ್ಲ. ನಡುವೆ ಸಿಕ್ಕ ಪಿನ್ ಇನ್ನೂ ಬಿಗಿಯಾಗುತ್ತದೆ, ಮೇಲ್ಭಾಗಕ್ಕೆ ತುಕ್ಕೂ ಬರುತ್ತದೆ. ಬಿಗಿ ಹೆಚ್ಚಾಗುವುದೂ ಉಕ್ಕು ಸೊರಗುವುದೂ ಒಂದೇ ಹೊತ್ತಿಗೆ. ವಿಜಯಪುರ, ಬಾಗಲಕೋಟೆಯ ಕಡೆ ತೊಂದರೆ ಇದರ ತದ್ವಿರುದ್ಧ. ಅಲ್ಲಿ ಮಳೆ ಇಲ್ಲಿಯ ಅರ್ಧದಷ್ಟು, ಬೇಸಿಗೆ 40 ಡಿಗ್ರಿ ದಾಟುತ್ತದೆ, ಮರ ಒಣಗಿ ಕುಗ್ಗಿ ತೂತು ಸಡಿಲಾಗುತ್ತದೆ. ಅಲ್ಲಿಯ ಪಿಯಾನೊದಲ್ಲಿ ಪಿನ್ ಮುರಿಯುವುದಕ್ಕಿಂತ ಜಾರುವುದು ಹೆಚ್ಚು, ಬ್ಲಾಕ್ ಸೀಳುವುದೂ ಉಂಟು. ಬೆಳಗಾವಿಯಲ್ಲಿ ತುಕ್ಕು ತಿಂದ ಪಿಯಾನೊವನ್ನು ಒಯ್ದು ವಿಜಯಪುರದ ಬಿಸಿಲಲ್ಲಿ ಇಟ್ಟರೆ ಎರಡೂ ಕಾಯಿಲೆ ಒಂದೇ ವಾದ್ಯಕ್ಕೆ ಅಂಟಿದಂತೆ.

ಹೀಗಾಗಿ ಮೊದಲ ಸಲಹೆ ಇದು: ಆಷಾಢ ಶ್ರಾವಣದಲ್ಲಿ ಪಿನ್ ಮುರಿದರೆ, ಅವಸರವಿಲ್ಲದಿದ್ದರೆ, ದೀಪಾವಳಿ ಕಳೆಯುವ ತನಕ ಬಿಡಿ. ಡಿಸೆಂಬರ್, ಜನವರಿಯ ಹೊತ್ತಿಗೆ ಮರ ಒಣಗಿ ಹಿಡಿತ ತುಸು ಸಡಿಲುತ್ತದೆ, ಉಳಿದ ಕಾಲು ಸುಲಭವಾಗಿ ಹೊರಬರುತ್ತದೆ. ನಡುವಿನ ಮತ್ತು ಮೇಲಿನ ಸ್ವರಗಳಿಗೆ ಮೂರು ಮೂರು ತಂತಿ ಇರುವುದರಿಂದ ಒಂದು ಇಲ್ಲದಿದ್ದರೂ ಆ ಸ್ವರ ಸ್ವಲ್ಪ ಮೆತ್ತಗೆ ಕೇಳುತ್ತದೆ, ಅಷ್ಟೇ. ತಗ್ಗಿನ ಸ್ವರಗಳಲ್ಲಿ ಒಂದೇ ತಂತಿ ಇರುವ ಕಡೆ ಮಾತ್ರ ಕಾಯುವಂತಿಲ್ಲ.

ಮುಟ್ಟುವ ಮೊದಲು

ಕಣ್ಣಿಗೆ ಕನ್ನಡಕ, ಕೈಗೆ ಕೈಗವಸು. ಇದನ್ನು ಬಿಡುವಂತೆಯೇ ಇಲ್ಲ. ಬಿಗಿದ ಉಕ್ಕಿನ ತಂತಿ ಚಿಮ್ಮಿದರೆ ಚರ್ಮ ಸೀಳುತ್ತದೆ, ಕಣ್ಣು ಹೋಗಬಹುದು. ಪಿನ್ ಕಣ್ಣಿನಲ್ಲಿ ಮುರಿದಿದ್ದರೆ ತಂತಿ ಆಗಲೇ ಕಳಚಿರುತ್ತದೆ. ಚೌಕ ತಲೆಯಷ್ಟೇ ಮುರಿದು ಸುತ್ತುಗಳು ಹಾಗೇ ಉಳಿದಿದ್ದರೆ ತಂತಿ ಇನ್ನೂ ಪೂರ್ತಿ ಬಿಗಿಯಲ್ಲಿದೆ ಎಂದು ತಿಳಿಯಬೇಕು. ಅದನ್ನು ಕಟ್ಟರ್‌ನಿಂದ ಕತ್ತರಿಸಲು ಹೋಗಬಾರದು. ಬಹಳಷ್ಟು ಪಿಯಾನೊಗಳಲ್ಲಿ ಒಂದೇ ತಂತಿ ಕೆಳಗಿನ ಮೊಳೆಗೆ ಬಳಸಿ ಬಂದು ಎರಡು ಪಿನ್ನುಗಳಿಗೆ ಸುತ್ತಿಕೊಂಡಿರುತ್ತದೆ. ತಂತಿಯ ಜಾಡು ಹಿಡಿದು ಕೆಳಗೆ ಹೋಗಿ ಜೋಡಿ ಪಿನ್ ಯಾವುದು ಎಂದು ಗುರುತಿಸಿ, ಅದನ್ನು ಲಿವರ್‌ನಿಂದ ನಿಧಾನವಾಗಿ ಒಂದು, ಒಂದೂವರೆ ಸುತ್ತು ಸಡಿಲಿಸಿದರೆ ಮುರಿದ ಬದಿಯ ಎಳೆತವೂ ಬಹುಮಟ್ಟಿಗೆ ಇಳಿಯುತ್ತದೆ. ಉಳಿದದ್ದನ್ನು ಆಮೇಲೆ ಪಿನ್ ತಿರುವುತ್ತಲೇ ಇಳಿಸಬಹುದು.

ಮೇಲಿನ ಮುಚ್ಚಳ ಮತ್ತು ಮುಂಭಾಗದ ಹಲಗೆ ಕಳಚಿ, ತಂತಿಗೆ ಬಡಿಯುವ, ಕೆಳಗಿನ ಹ್ಯಾಮರ್‌ಗಳ ಸಾಲಿನ ಮೇಲೆ ಒದ್ದೆಯಿಲ್ಲದ ದಪ್ಪ ಬಟ್ಟೆ ಹಾಸಬೇಕು. ಅರದ ಪುಡಿ, ಮುರಿದ ಬಿಟ್ಟಿನ ಚೂರು ಯಾವುದೂ ಒಳಗೆ ಬೀಳಬಾರದು. ಹ್ಯಾಮರಿನ ಉಣ್ಣೆಯಲ್ಲಿ ಕಬ್ಬಿಣದ ಪುಡಿ ಹೊಕ್ಕರೆ ತೆಗೆಯುವುದು ಬಲು ಕಷ್ಟ. ಪಕ್ಕದಲ್ಲಿ ಒಂದು ಅಯಸ್ಕಾಂತ ಇರಲಿ.

ಈಗ ಎಣ್ಣೆಯ ಮಾತು, ಒತ್ತಿ ಹೇಳಬೇಕಾದದ್ದು. ತುಕ್ಕು ಬಿಡಿಸುವ ಸ್ಪ್ರೇ, ಡೀಸೆಲ್, ಸೀಮೆಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಯಾವುದೂ ಒಂದು ಹನಿಯೂ ಬೇಡ. ಪಿನ್ ನಿಂತಿರುವುದು ಉಜ್ಜಾಟದ ಬಿಗಿಯಿಂದ. ಎಣ್ಣೆ ಆ ಉಜ್ಜಾಟವನ್ನೇ ಕೊಲ್ಲುತ್ತದೆ. ಅಷ್ಟಕ್ಕೇ ನಿಲ್ಲದೆ ಮರದ ಎಳೆ ಹಿಡಿದು ಹರಡಿ ಪಕ್ಕದ ನಾಲ್ಕಾರು ಪಿನ್ನುಗಳಿಗೂ ತಲುಪುತ್ತದೆ. ಮರ ಕುಡಿದ ಎಣ್ಣೆಯನ್ನು ವಾಪಸು ಹಿಂಡುವ ದಾರಿ ಇಲ್ಲ. ಒಂದು ಪಿನ್ನಿನ ಕೆಲಸ ಇಡೀ ಬ್ಲಾಕ್ ಬದಲಿಸುವ ಕೆಲಸವಾಗಿ ಬೆಳೆಯುವುದು ಹೀಗೆ. ಬ್ಲಾಕ್ ಬದಲಿಸುವುದೆಂದರೆ ಎಲ್ಲ ತಂತಿ ಬಿಚ್ಚಿ, ಬೀಡಿನ ಪ್ಲೇಟ್ ಎತ್ತಿ, ಪಿಯಾನೊವನ್ನು ಹೊಸದಾಗಿ ಕಟ್ಟಿದಂತೆ.

ಗ್ಯಾಸ್ ಟಾರ್ಚಿನಿಂದ ಕಾಸಿದರೆ ಪಿನ್ನಿನ ಸುತ್ತಲಿನ ಮರ ಸುಟ್ಟು ಇದ್ದಿಲಾಗುತ್ತದೆ, ಇದ್ದಿಲಿಗೆ ಹಿಡಿತವಿಲ್ಲ. ಸ್ಟಡ್ ಮೇಲೆ ನಟ್ ವೆಲ್ಡ್ ಮಾಡುವ ಉಪಾಯವೂ ಬೇಡ. ಸುತ್ತ ಉಣ್ಣೆ, ವಾರ್ನಿಷ್, ಒಣಮರ ಇರುವಲ್ಲಿ ಕಿಡಿ ಹಾರಿಸುವ ಕೆಲಸವಲ್ಲ ಇದು.

ಎಷ್ಟು ಉಳಿದಿದೆ, ಅದರಂತೆ ದಾರಿ

ಚೌಕ ತಲೆ ಮಾತ್ರ ಹೋಗಿ, ಪ್ಲೇಟಿನ ಮೇಲೆ 12, 15 ಮಿ.ಮೀ. ಉಳಿದಿದ್ದರೆ ಅದೃಷ್ಟ. ಸುತ್ತು ಬಿಡಿಸಿ ತಂತಿ ತೆಗೆದ ಮೇಲೆ ಸಣ್ಣ ಅರದಿಂದ ಹೊಸ ಚೌಕ ತಲೆ ಮಾಡಬಹುದು. 7 ಮಿ.ಮೀ. ದುಂಡಿನಲ್ಲಿ ಒಂದು ಬದಿ ಸುಮಾರು 5 ಮಿ.ಮೀ. ಇರುವ ಚೌಕ ಬರುತ್ತದೆ. ನಾಲ್ಕೂ ಬದಿ ಸಮನಾಗಿ ತೆಗೆದರೆ ಟ್ಯೂನಿಂಗ್ ಲಿವರಿನ ನಕ್ಷತ್ರದಾಕಾರದ ಬಾಯಿಯೇ ಅದಕ್ಕೆ ಕೂರುತ್ತದೆ. ವೈಸ್ ಗ್ರಿಪ್ (ಕಚ್ಚಿ ಬಿಗಿದು ನಿಲ್ಲುವ ಇಕ್ಕಳ) ನಿಂದ ಹಿಡಿದು ತಿರುವುವುದೂ ಆಗುತ್ತದೆ, ಆದರೆ ಪಿನ್ನುಗಳು ಒತ್ತೊತ್ತಾಗಿರುವ ಕಡೆ ಅದರ ದವಡೆ ಪಕ್ಕದ ಸುತ್ತುಗಳಿಗೆ ತಾಗುತ್ತದೆ. ದವಡೆ ಒಮ್ಮೆ ಜಾರಿದರೆ ಪಿನ್ನಿನ ಮೈ ನುಣುಪಾಗುತ್ತದೆ, ಎರಡನೇ ಸಲ ಹಿಡಿತ ಇನ್ನೂ ಕಡಿಮೆ. ವೈಸ್ ಗ್ರಿಪ್ ಬಳಸುವುದಾದರೆ ಮೊದಲು ಎರಡು ಬದಿ ಅರದಿಂದ ಚಪ್ಪಟೆ ಮಾಡಿಕೊಂಡೇ ಹಿಡಿಯಬೇಕು.

ತಲೆಗೆ ಹ್ಯಾಕ್‌ಸಾದಿಂದ ಗೀರು ಹಾಕಿ ಸ್ಕ್ರೂಡ್ರೈವರ್‌ನಿಂದ ತಿರುವುವುದು ಹಲವರು ಹೇಳುವ ಉಪಾಯ. ಆಗಲೇ ಸಡಿಲಾಗಿರುವ ಪಿನ್ನಿಗೆ ಅದು ನಡೆಯುತ್ತದೆ. ಆದರೆ ಸಡಿಲ ಪಿನ್ ಮುರಿಯುವುದೇ ಕಡಿಮೆ. 10 ನ್ಯೂಟನ್ ಮೀಟರಿನ ಬಿಗಿಗೆ ಗೀರಿನ ಎರಡೂ ತುಟಿ ಬಿಚ್ಚಿಕೊಂಡು ಮುರಿಯುತ್ತವೆ, ಉಳಿದಿದ್ದ ನಾಲ್ಕು ಮಿಲಿಮೀಟರೂ ಕೈಬಿಡುತ್ತದೆ.

ಹೆಚ್ಚಿನ ಸಲ ಎದುರಾಗುವುದು ಎರಡನೇ ಪರಿಸ್ಥಿತಿ. ಕಣ್ಣಿನಲ್ಲಿ ಮುರಿದು, ಪ್ಲೇಟಿನ ಮೇಲೆ 5ರಿಂದ 10 ಮಿ.ಮೀ. ಉಳಿದಿರುತ್ತದೆ. ಇದಕ್ಕೆಂದೇ ಪಿಯಾನೊ ಬಿಡಿಭಾಗ ಮಾರುವವರಲ್ಲಿ ಮುರಿದ ಪಿನ್ ಎಕ್ಸ್‌ಟ್ರಾಕ್ಟರ್ ಎಂಬ ಸಾಧನ ಸಿಗುತ್ತದೆ. ಗಟ್ಟಿ ಉಕ್ಕಿನ ಕೊಳವೆ, ಒಳಗೆ ಸಣ್ಣಗಾಗುತ್ತ ಹೋಗುವ ಎಡಸುತ್ತಿನ ಎಳೆ. ಉಳಿದ ತುಂಡಿನ ಮೇಲೆ ಟೋಪಿಯಂತೆ ಇಟ್ಟು ಎಡಕ್ಕೆ ತಿರುವಿದರೆ ಎಳೆ ಪಿನ್ನಿನ ಮೈ ಕಚ್ಚುತ್ತ ಕೆಳಗಿಳಿಯುತ್ತದೆ. ಇಳಿದಷ್ಟೂ ಬಿಗಿ. ಒಂದು ಹಂತದಲ್ಲಿ ಇಳಿಯಲು ಜಾಗವಿಲ್ಲದೆ ಪಿನ್ನನ್ನೇ ತಿರುವತೊಡಗುತ್ತದೆ. ತಿರುವುವ ದಿಕ್ಕು ಪಿನ್ ಹೊರಬರುವ ದಿಕ್ಕೇ ಆದ್ದರಿಂದ ಎರಡೂ ಕೆಲಸ ಒಟ್ಟಿಗೆ ನಡೆಯುತ್ತವೆ. ಹೊರಗಿನಿಂದ ಅಪ್ಪಿ ಹಿಡಿಯುವುದು ಇದರ ದೊಡ್ಡ ಗುಣ: ಪಿನ್ ಒಳಗಿಂದ ಉಬ್ಬುವುದಿಲ್ಲ, ತೂತಿನ ಗೋಡೆಗೆ ಒತ್ತಡ ಬೀಳುವುದಿಲ್ಲ.

ತರಿಸಲು ವಾರಗಟ್ಟಲೆ ಆಗುವುದಾದರೆ ಉದ್ಯಮಬಾಗದಲ್ಲಿ ಮಾಡಿಸಿಕೊಳ್ಳಬಹುದು. ಬೆಳಗಾವಿಯಂಥ ಊರಿನಲ್ಲಿ ಇದಕ್ಕೆ ಬೇಕಾದ ಕೈಯೂ ಯಂತ್ರವೂ ಇದೆ. 11 ಅಥವಾ 12 ಮಿ.ಮೀ. ದಪ್ಪದ ಸಿಲ್ವರ್ ಸ್ಟೀಲ್ (ಹದ ಹಾಕಲು ಬರುವ ಉಪಕರಣದ ಉಕ್ಕು) ಸರಳು, ಉದ್ದ 70 ಮಿ.ಮೀ. ಒಂದು ತುದಿಯಲ್ಲಿ 6.7 ಮಿ.ಮೀ. ತೂತು, 20 ಮಿ.ಮೀ. ಆಳ. ಅದಕ್ಕೆ ಎಂ8 ಎಡಸುತ್ತಿನ ಟ್ಯಾಪ್. ನಂತರ ಬಾಯಿಯ ಕಡೆ ಟೇಪರ್ ರೀಮರ್ ಹಾಕಿ, ಅಂಚಿನಲ್ಲಿ 7.3 ಮಿ.ಮೀ. ಇದ್ದು ಒಳಗೆ ಹೋದಂತೆ 6.7ಕ್ಕೆ ಬರುವಂತೆ ಎಳೆಯ ತುದಿಗಳನ್ನು ಸವರಬೇಕು. ಹೀಗೆ ಮಾಡಿದರೆ 7.1 ಮಿ.ಮೀ. ಪಿನ್ ಎರಡು ಮೂರು ಮಿಲಿಮೀಟರ್ ಸಲೀಸಾಗಿ ಒಳಗೆ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಗೆ ಟ್ಯಾಪ್ ಹಿಡಿಕೆ ಕೂರುವಂಥ ಚೌಕ. ಕೊನೆಗೆ ಎಣ್ಣೆಯಲ್ಲಿ ಹದ ಹಾಕಿಸಬೇಕು, ಇಲ್ಲದಿದ್ದರೆ ಪಿನ್ನಿನ ಬದಲು ಇದರ ಎಳೆಯೇ ಸವೆದುಹೋಗುತ್ತದೆ. ಹದ ಹಾಕಿದ ಎಣ್ಣೆಯ ಜಿಡ್ಡನ್ನು ಪೂರ್ತಿ ಒರೆಸಿಯೇ ಪಿಯಾನೊ ಹತ್ತಿರ ತರಬೇಕು. ಸರಳಿನ ದಪ್ಪ ನಿರ್ಧರಿಸುವ ಮೊದಲು ಪಕ್ಕದ ಪಿನ್ನುಗಳ ಅಂತರವನ್ನು ಅಳೆದುಕೊಳ್ಳುವುದು ಲೇಸು.

ಬಳಸುವಾಗ ಸಾಧನ ಪಿನ್ನಿನ ನೇರಕ್ಕೆ ನಿಂತಿರಬೇಕು. ಪಿನ್ನುಗಳು ಬ್ಲಾಕಿನಲ್ಲಿ ಲಂಬವಾಗಿರುವುದಿಲ್ಲ, ತಂತಿಯ ಎಳೆತಕ್ಕೆ ಎದುರಾಗಿ ಕೆಲವು ಡಿಗ್ರಿ ಓರೆಯಾಗಿರುತ್ತವೆ. ಪಕ್ಕದ ಪಿನ್ ನೋಡಿ ಆ ಓರೆಗೆ ಹೊಂದಿಸಿ. ಸುತ್ತಿಗೆಯಿಂದ ಮೆಲ್ಲಗೆ ಎರಡು ಪೆಟ್ಟು, ಆಮೇಲೆ ಎಡಕ್ಕೆ ತಿರುವು. ಮೊದಲು ‘ಕಿರ್’ ಎಂದು ಉಕ್ಕು ಉಕ್ಕನ್ನು ಕಚ್ಚುವ ತೆಳು ಸದ್ದು ಬರುತ್ತದೆ. ಸ್ವಲ್ಪ ಹೊತ್ತಿಗೆ ಅದು ನಿಂತು, ಮರದೊಳಗಿಂದ ಗಡುಸಾಗಿ ಕೀರಲುವ ಸದ್ದು ಶುರುವಾಗುತ್ತದೆ. ಆ ಎರಡನೇ ಸದ್ದು ಕೇಳಿದರೆ ಪಿನ್ ಹೊರಟಿತೆಂದೇ ತಿಳಿಯಿರಿ.

ಇಲ್ಲಿಂದ ಆಚೆಗೆ ಅವಸರ ಮಾಡುವವರೇ ಹೆಚ್ಚು. ಬ್ಯಾಟರಿ ಡ್ರಿಲ್ ಹಿಡಿದು ಗರಗರ ತಿರುವಿ ತೆಗೆಯುವ ಆಸೆಯಾಗುತ್ತದೆ. ವೇಗವಾಗಿ ತಿರುಗಿದ ಪಿನ್ ಬಿಸಿಯಾಗುತ್ತದೆ, ತೂತಿನ ಗೋಡೆ ಸುಟ್ಟು ಗಾಜಿನಂತೆ ನುಣುಪಾಗುತ್ತದೆ. ಹೊಸ ಪಿನ್ ಅಲ್ಲಿ ಜಾರುತ್ತದೆ, ಇಲ್ಲವೇ ತಿರುವುವಾಗ ತಟತಟನೆ ಹಾರಿ ಸರಿಯಾದ ಶ್ರುತಿಯಲ್ಲಿ ನಿಲ್ಲುವುದೇ ಇಲ್ಲ. ಕೈಯಿಂದಲೇ ತಿರುವಿ, ಐದಾರು ಸುತ್ತಿಗೊಮ್ಮೆ ನಿಲ್ಲಿಸಿ ಪಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಾಗಲು ಬಿಡಿ.

ಪ್ಲೇಟಿನ ಮಟ್ಟಕ್ಕೆ ಅಥವಾ ಒಳಗೆ ಮುರಿದಿದ್ದರೆ

ಇದು ನಿಜವಾಗಿ ಕಠಿಣವಾದದ್ದು. ಬಹಳಷ್ಟು ಪಿಯಾನೊಗಳಲ್ಲಿ ಬೀಡಿನ ಪ್ಲೇಟಿನ ತೂತು ಪಿನ್ನಿಗಿಂತ ದೊಡ್ಡದಿದ್ದು, ನಡುವಿನ ಜಾಗದಲ್ಲಿ ಮರದ ಬುಶ್, ಅಂದರೆ ಪಿನ್ ಸುತ್ತ ಕೂರುವ ಬಳೆ, ಇರುತ್ತದೆ. ಆ ಬುಶ್ಶೇ ನಮ್ಮ ದಾರಿ. ಕಿರಿದಾದ ಉಳಿಯಿಂದ ಅದನ್ನು ಚೂರು ಚೂರಾಗಿ ಎಬ್ಬಿಸಿ ತೆಗೆದರೆ ಪಿನ್ನಿನ ಸುತ್ತ ಎರಡು ಮಿಲಿಮೀಟರ್ ಮೇಲ್ಪಟ್ಟು ಖಾಲಿ ಜಾಗ ಸಿಗುತ್ತದೆ. ಪ್ಲೇಟಿನ ದಪ್ಪದಷ್ಟು ಪಿನ್ ಬರಿದಾಗಿ ಕಾಣುತ್ತದೆ. ಎಕ್ಸ್‌ಟ್ರಾಕ್ಟರಿನ ಹೊರಮೈ ಆ ತೂತಿನೊಳಗೆ ಹೋಗುವಷ್ಟು ತೆಳ್ಳಗಿದ್ದರೆ ಮೇಲೆ ಹೇಳಿದ ಕೆಲಸವನ್ನೇ ಇಲ್ಲಿಯೂ ಮಾಡಬಹುದು. ಮುಗಿದ ಮೇಲೆ ಹೊಸ ಬುಶ್ ಹಾಕುವುದನ್ನು ಮರೆಯಬಾರದು. ತಂತಿಯ ಎಳೆತಕ್ಕೆ ಪಿನ್ ಬಾಗದಂತೆ ಒರಗು ಕೊಡುವುದು ಅದೇ.

ಬುಶ್ ಇಲ್ಲದೆಯೂ ಹಿಡಿತ ಸಿಗದೆಯೂ ಇದ್ದಾಗ ಮಾತ್ರ ಈಜಿ-ಔಟ್ ನೆನೆಯಬೇಕು. ಪಿನ್ನಿನ ನಟ್ಟನಡುವೆ ಪಂಚಿನಿಂದ ಸಣ್ಣ ಗುರುತು ಮಾಡಿ, 3 ಮಿ.ಮೀ. ಎಡಸುತ್ತಿನ ಕೋಬಾಲ್ಟ್ ಬಿಟ್‌ನಿಂದ ನಿಧಾನ ವೇಗದಲ್ಲಿ ಕೊರೆಯಬೇಕು. ಎಡಸುತ್ತಿನ ಬಿಟ್ ಏಕೆಂದರೆ, ಕೊರೆಯುತ್ತಿರುವಾಗಲೇ ಅದು ಕಚ್ಚಿಕೊಂಡು ಪಿನ್ನನ್ನು ಹೊರಕ್ಕೆ ತಿರುವಿಬಿಡುವುದುಂಟು, ಆಗ ಈಜಿ-ಔಟ್ ಬೇಕಾಗುವುದೇ ಇಲ್ಲ. ತೂತು ನಡುಬಿಟ್ಟು ಸರಿದರೆ ಬಿಟ್ ಪಕ್ಕದ ಮರಕ್ಕೆ ಇಳಿಯುತ್ತದೆ. ಈಜಿ-ಔಟ್ ಆರಿಸುವಾಗ ಸುರುಳಿ ಮಾದರಿಯದಕ್ಕಿಂತ ನೇರ ಗೆರೆಗಳಿರುವುದು ಮೇಲು. ಸುರುಳಿಯದು ಆಪಿನಂತೆ ಒಳಗೆ ಇಳಿಯುತ್ತ ಪಿನ್ನನ್ನು ಉಬ್ಬಿಸುತ್ತದೆ. ಕಬ್ಬಿಣದ ತೂತಿನಲ್ಲಿ ಆ ಉಬ್ಬು ಅಷ್ಟಾಗಿ ಲೆಕ್ಕಕ್ಕಿಲ್ಲ, ಮರದಲ್ಲಿ ಹಿಡಿತವನ್ನು ಇನ್ನೂ ಬಿಗಿ ಮಾಡಿ ಗೋಡೆಯನ್ನು ಜಜ್ಜುತ್ತದೆ.

ಈಜಿ-ಔಟ್ ಒಳಗೇ ಮುರಿದರೆ ಕೆಲಸ ಇನ್ನೂ ಕೆಡುತ್ತದೆ. ಅದರ ಉಕ್ಕು ಡ್ರಿಲ್ ಬಿಟ್‌ನಷ್ಟೇ ಗಟ್ಟಿ, ಕೊರೆಯಲು ಬರುವುದಿಲ್ಲ. ಜಾಬಿನಲ್ಲಿ (ಕೆಲಸ ನಡೆಯುವ ಲೋಹದ ತುಂಡಿನಲ್ಲಿ) ಟ್ಯಾಪ್ ಮುರಿದಾಗ, ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಯಂತ್ರಕ್ಕೆ ಕಳಿಸುವ ರೂಢಿ ಉದ್ಯಮಬಾಗದಲ್ಲಿದೆ. ಆ ಯಂತ್ರ ಕೆಲಸ ಮಾಡುವುದು ಜಾಬನ್ನು ಎಣ್ಣೆಯಂಥ ದ್ರವದಲ್ಲಿ ಮುಳುಗಿಸಿ. ಪಿಯಾನೊವನ್ನು ಹಾಗೆ ಮುಳುಗಿಸಲಾಗದು. ಆದ್ದರಿಂದ ಈಜಿ-ಔಟ್ ಬಾಗುವ ಸೂಚನೆ, ಅಂದರೆ ಹಿಡಿಕೆ ತಿರುಗುತ್ತಿದ್ದರೂ ಪಿನ್ ಕದಲದೆ ಸ್ಪ್ರಿಂಗಿನಂತೆ ವಾಪಸು ಬರುವುದು, ಕಂಡ ಕೂಡಲೇ ನಿಲ್ಲಿಸಬೇಕು.

ಕೊನೆಯ ದಾರಿ ಪೊಳ್ಳು ಡ್ರಿಲ್. ಒಳಗಿನ ಅಳತೆ 7.5 ಮಿ.ಮೀ., ಹೊರಗಿನದು 10 ಮಿ.ಮೀ. ಇರುವ ಕೊಳವೆ, ತುದಿಗೆ ಗರಗಸದಂಥ ಹಲ್ಲು. ಪಿನ್ನನ್ನು ನಡುವೆ ಇಟ್ಟುಕೊಂಡು ಅದರ ಸುತ್ತಲಿನ ಮರವನ್ನು ಉಂಗುರದಂತೆ ಕೊರೆಯುತ್ತ ಹೋಗುವುದು. ಐದು ಮಿಲಿಮೀಟರಿಗೊಮ್ಮೆ ಹೊರಗೆ ತೆಗೆದು ಪುಡಿ ಉದುರಿಸದಿದ್ದರೆ ಮರ ಹೊಗೆಯಾಡುತ್ತದೆ. ಪಿನ್ನಿನ ಬುಡದವರೆಗೆ ಹೋದ ಮೇಲೆ ಅದು ಮರದ ತೆಳು ತೊಗಟೆಯೊಂದಿಗೆ ಎದ್ದುಬರುತ್ತದೆ. ಇಲ್ಲಿ ಹಳೆಯ ತೂತನ್ನು ಕಳೆದುಕೊಂಡೇ ಪಿನ್ ತೆಗೆದಂತಾಯಿತು, ಈಗ ಹೊಸ ಮರ ತುಂಬಬೇಕು. ಬಡಗಿಯ ಅಂಗಡಿಯಲ್ಲಿ ಸಿಗುವ ದುಂಡು ಕಡ್ಡಿಯನ್ನು ಹೊಡೆದು ಅಂಟಿಸಿಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಅಂಥ ಕಡ್ಡಿಯಲ್ಲಿ ಮರದ ಎಳೆ ಉದ್ದಕ್ಕೆ, ಅಂದರೆ ಪಿನ್ನಿನ ದಿಕ್ಕಿಗೇ ಇರುತ್ತದೆ. ಪಿನ್ ಹೊಡೆದಾಗ ಸೌದೆಯಂತೆ ಸೀಳುತ್ತದೆ. ಬೀಚ್ ಅಥವಾ ಮೇಪಲ್ ಹಲಗೆಯ ಅಗಲ ಮೈಯಿಂದ ಪ್ಲಗ್ ಕಟ್ಟರಿನಲ್ಲಿ ತೆಗೆದ ಬಿಲ್ಲೆ ಬೇಕು, ಆಗ ಎಳೆ ಪಿನ್ನಿಗೆ ಅಡ್ಡ ಬರುತ್ತದೆ. ಆಳ ಸಾಲದಿದ್ದರೆ ಎರಡು ಮೂರು ಬಿಲ್ಲೆಗಳನ್ನು ಎಳೆ ಅಡ್ಡಡ್ಡವಾಗಿ ಒಂದರ ಮೇಲೊಂದು ಅಂಟಿಸಬಹುದು. ಸಾಗವಾನಿ ಎಷ್ಟೇ ಒಳ್ಳೆಯ ಮರವಾದರೂ ಇಲ್ಲಿಗೆ ಹೊಂದುವುದಿಲ್ಲ, ಅದರಲ್ಲೇ ಎಣ್ಣೆಯ ಅಂಶವಿದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಾಕಿ ಒಂದು ದಿನ ಪೂರ್ತಿ ಬಿಟ್ಟು, ಪಕ್ಕದ ಪಿನ್ನಿನ ಓರೆಗೆ ಸರಿಯಾಗಿ 6.5 ಮಿ.ಮೀ. ತೂತು ಕೊರೆಯಬೇಕು.

ಹೊಸ ಪಿನ್, ಹೊಸ ತಂತಿ

ಹಳೆಯ ಪಿನ್ ಸರಿಯಾಗಿ ಹೊರಬಂದಿದ್ದರೆ ಉಳಿದ ಕೆಲಸ ನೇರ. ತೂತನ್ನು ಒಣ ನೈಲಾನ್ ಬ್ರಶ್‌ನಿಂದ ಉಜ್ಜಿ ತುಕ್ಕಿನ ಪುಡಿ ತೆಗೆದು, ಟಾರ್ಚ್ ಹಾಕಿ ಸೀಳು ಇದೆಯೇ ನೋಡಿ. ಮರಳುಕಾಗದ, ರೀಮರ್ ಬೇಡ. ಹಳೆಯ ಪಿನ್ನನ್ನು ಮೈಕ್ರೊಮೀಟರಿನಲ್ಲಿ ಅಳೆದು, ಒಂದು ನಂಬರ್ ದಪ್ಪದ್ದನ್ನು ಹಾಕುವುದು ವಾಡಿಕೆ. 1/0 ಅಂದರೆ 7.0 ಮಿ.ಮೀ., 2/0 ಅಂದರೆ 7.13, 3/0 ಅಂದರೆ 7.26, 4/0 ಅಂದರೆ 7.39, ಸುಮಾರಾಗಿ. ಎರಡು ನಂಬರ್ ಹಾರಿಸಿದರೆ ಬಿಗಿ ಹೆಚ್ಚಾಗಿ ಮತ್ತೆ ಮುರಿಯುವ ದಾರಿ ಹಿಡಿದಂತೆ, ಬ್ಲಾಕೂ ಬಿರಿಯಬಹುದು.

ತಂತಿಯನ್ನೂ ಮೈಕ್ರೊಮೀಟರಿನಲ್ಲೇ ಅಳೆಯಬೇಕು, ಕಣ್ಣಳತೆ ಸಾಲದು. ಮೇಲಿನ ಸ್ವರಗಳಲ್ಲಿ 0.8 ಮಿ.ಮೀ. ಹತ್ತಿರ, ನಡುವಿನಲ್ಲಿ 1 ಮಿ.ಮೀ. ದಾಟುತ್ತದೆ. ಅರ್ಧ ನಂಬರಿಗೆ ವ್ಯತ್ಯಾಸ 0.025 ಮಿ.ಮೀ. ಮಾತ್ರ. ಅದು ತಪ್ಪಿದರೂ ಪಕ್ಕದ ಎರಡು ತಂತಿಗಳ ಜೊತೆ ನಾದ ಬೆರೆಯುವುದಿಲ್ಲ. ಪಿನ್ ದಾಟಿ ಸುಮಾರು 75 ಮಿ.ಮೀ. ಬಾಲ ಬಿಟ್ಟು ಕತ್ತರಿಸಿದರೆ ಮೂರು ಸುತ್ತಿಗೆ ಸಾಕಾಗುತ್ತದೆ. ತಗ್ಗಿನ ಸ್ವರದ ತಾಮ್ರ ಸುತ್ತಿದ ತಂತಿಯನ್ನು ಮಾತ್ರ ಎಸೆಯಬೇಡಿ, ಅದನ್ನು ಅಳತೆ ಕೊಟ್ಟು ಮಾಡಿಸಬೇಕಾಗುತ್ತದೆ. ಸುರುಳಿ ಕೆಡದಂತೆ ಜಾರಿಸಿ ತೆಗೆದು ಹೊಸ ಪಿನ್ನಿಗೆ ತೊಡಿಸಬಹುದು. ಕೆಳಗಿನ ಮೊಳೆಗೆ ಸಿಕ್ಕಿಸುವ ಮೊದಲು ತಾಮ್ರ ಸುತ್ತಿರುವ ದಿಕ್ಕಿಗೇ ಅದನ್ನು ಒಂದು ಸುತ್ತು ತಿರುಚಿದರೆ ಸುತ್ತು ಸಡಿಲವಾಗಿ ಝೇಂಕರಿಸುವ ತೊಂದರೆ ಬರುವುದಿಲ್ಲ.

ಪಿನ್ನನ್ನು ಒಳಗೆ ಕಳಿಸುವುದು ತಿರುವಿ ಅಲ್ಲ, ಹೊಡೆದು. ಅರ್ಧ ಕಿಲೋ ಸುತ್ತಿಗೆ, ಪಿನ್ನಿನ ತಲೆಗೆ ಕೂರುವ ಪಂಚ್, ದೃಢವಾದ ಕೆಲವೇ ಪೆಟ್ಟು. ಸುತ್ತುಗಳ ಕೆಳಗೆ ಪ್ಲೇಟಿಗೂ ತಂತಿಗೂ ನಡುವೆ 5 ಮಿ.ಮೀ. ಉಳಿಯುವಂತೆ ನಿಲ್ಲಿಸಬೇಕು. ಗ್ರ್ಯಾಂಡ್ ಪಿಯಾನೊ ಆದರೆ ಕೀಗಳ ಚೌಕಟ್ಟನ್ನು ಹೊರಗೆಳೆದು ಬ್ಲಾಕಿನ ಅಡಿಗೆ ಜಾಕ್ ಕೊಟ್ಟೇ ಹೊಡೆಯಬೇಕು, ಇಲ್ಲದಿದ್ದರೆ ಪೆಟ್ಟಿಗೆ ಬ್ಲಾಕಿನ ಪದರು ಬಿಡುತ್ತದೆ.

ಹೊಸ ತಂತಿ ಮೊದಲ ದಿನವೇ ಇಳಿಯುತ್ತದೆ. ಮರುದಿನ, ವಾರದ ನಂತರ, ತಿಂಗಳ ನಂತರ ಎತ್ತಿ ಕೂರಿಸಬೇಕು. ಆಮೇಲೂ ಒಂದು ಮಳೆಗಾಲ ದಾಟುವವರೆಗೆ ಅದು ಸ್ವಲ್ಪ ಓಡಾಡುತ್ತಲೇ ಇರುತ್ತದೆ. ಜೋಡಿ ಪಿನ್ನನ್ನು ಸಡಿಲಿಸಿದ್ದರಿಂದ ಅದರ ಸ್ವರವನ್ನೂ ಪ್ರತಿ ಸಲ ನೋಡಬೇಕು. ಯಾವ ಸ್ವರದ ಎಷ್ಟನೇ ಪಿನ್, ಹಾಕಿದ್ದು ಯಾವ ನಂಬರ್, ತಂತಿಯ ಅಳತೆ ಏನು, ಪ್ಲಗ್ ಹಾಕಿದೆಯೋ ಇಲ್ಲವೋ, ತಾರೀಖು ಸಮೇತ ಮುಚ್ಚಳದ ಒಳಬದಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಮುಂದಿನ ಸಲ ಗೋವಾದಿಂದ ಬರುವ ಟ್ಯೂನರ್ ಲಿವರ್ ಎತ್ತುವ ಮೊದಲು ಅದನ್ನು ಓದುತ್ತಾರೆ.